ನಮ್ಮೊಳಗೆಂಥ ದುಡ್ಡು?

ಕುದುರೆಗೂ ನನಗೂ ಇದ್ದ ಸಂಬಂಧ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಅಪ್ಪನ ಜೊತೆ ಜಟಕಾದಲ್ಲಿ ಕೂತಾಗ ಅದರ ಬಾಲವನ್ನೂ ಕಿವಿಗಳನ್ನೂ ನೋಡಿದ್ದೆ, ಅಷ್ಟೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಪೆನ್ಸಿಲು ಹಿಡಿದು ಒಂದು ಕುದುರೆಯ ಖರ್ಚಿನ ಲೆಕ್ಕ ಬರೆಯಲು ಕೂರುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಹಾಗೆ ಕೂರಬೇಕಾಗಿ ಬಂತು.

2023ರ ಜನವರಿಯಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಅವಳಿಗೊಂದು ಹೆಣ್ಣು ಕುದುರೆ. ಹೆಸರು ಹನಿ. ಹನಿ ಎಂದರೆ ನಮಗೆ ಮಳೆಹನಿ, ಅವರಿಗೆ ಜೇನುತುಪ್ಪ. ಮೊಮ್ಮಗಳು ಹಟ ಹಿಡಿದು ಕೊಡಿಸಿಕೊಂಡದ್ದು. ಅವಳು ಹಿಂದಿನ ವರ್ಷ ಕಾಲೇಜಿಗೆಂದು ಬೇರೆ ಊರಿಗೆ ಹೋದಳು. ಕುದುರೆ ಅಮ್ಮನ ಪಾಲಿಗೆ ಉಳಿಯಿತು. ಮಕ್ಕಳು ಸಾಕಿದ ನಾಯಿ, ಬೆಕ್ಕು, ಮೀನಿನ ತೊಟ್ಟಿ ಕೊನೆಗೆ ಯಾರ ತಲೆಗೆ ಬರುತ್ತವೆ ಎಂಬುದು ನಿಮಗೂ ಗೊತ್ತಿರುವ ವಿಷಯವೇ.

ಕುದುರೆ ಮನೆಯಲ್ಲಿರುವುದಿಲ್ಲ. ಒಂದು ಮೈಲಿ ದೂರದ ತೋಟದಲ್ಲಿ ಬಾಡಿಗೆಗೆ ಲಾಯ. ಜಾಗ ಮತ್ತು ಹುಲ್ಲುಗಾವಲು ತೋಟದವರದು, ಚಾಕರಿ ಕುದುರೆಯವರದು. ಮಗಳು ಬೆಳಿಗ್ಗೆ ಆರಕ್ಕೆ, ಇನ್ನೂ ಕತ್ತಲಿರುವಾಗಲೇ ಎದ್ದು ಹೋಗುತ್ತಿದ್ದಳು. ಲದ್ದಿ ಬಾಚಿ, ನೀರಿಟ್ಟು, ಹುಲ್ಲು ಹಾಕಿ, ಕಂಬಳಿ ಬದಲಿಸಿ ಬಂದು ಆಫೀಸಿಗೆ ಓಡುತ್ತಿದ್ದಳು. ಸಂಜೆ ಮತ್ತೆ ಅದೇ ಕೆಲಸ. ಅಲ್ಲಿನ ಚಳಿಗಾಲದಲ್ಲಿ ಗದ್ದೆಯೆಲ್ಲ ಕೆಸರು. ಕುದುರೆ ಹೆಚ್ಚು ಹೊತ್ತು ಒಳಗೇ ಇರಬೇಕು, ಹುಲ್ಲನ್ನು ಕೊಂಡೇ ಹಾಕಬೇಕು. ಅಳಿಯ ವಾರದಲ್ಲಿ ಮೂರು ದಿನ ಬೇರೆ ಊರಿನಲ್ಲಿ. ಮೇಲಾಗಿ 2022ರಿಂದ ಅಲ್ಲಿ ಗ್ಯಾಸು, ಕರೆಂಟಿನ ಬಿಲ್ಲುಗಳು ಏರಿ ಎಲ್ಲರ ಮನೆಯಲ್ಲೂ ಕೈ ಬಿಗಿಯಾಗಿತ್ತು.

"ಮಾರಿಬಿಡೇ ಪುಟ್ಟಿ" ಎಂದೆ ಒಂದು ರಾತ್ರಿ.

"ಹದಿನೇಳು ವರ್ಷದ ಕುದುರೇನ ಯಾರು ತಗೋತಾರಮ್ಮ? ತಗೊಂಡರೂ ಹ್ಯಾಗೆ ನೋಡ್ಕೋತಾರೋ" ಎಂದವಳ ಕಣ್ಣಲ್ಲಿ ನೀರು. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಪ್ರಾಣಿ. ನಾನು ಸುಮ್ಮನಾದೆ.

ಅಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. ಶೇರ್ ಮಾಡುವುದು ಎನ್ನುತ್ತಾರೆ. ಕುದುರೆ ಒಬ್ಬರದು, ಸವಾರಿ ಇಬ್ಬರದು. ಸ್ವಂತ ಕುದುರೆ ಸಾಕಲು ಆಗದವರು ವಾರಕ್ಕೆ ಎರಡೋ ಮೂರೋ ದಿನ ಬಂದು ಸವಾರಿ ಮಾಡುತ್ತಾರೆ, ಆ ದಿನಗಳ ಚಾಕರಿಯನ್ನೂ ಮಾಡುತ್ತಾರೆ, ಜೊತೆಗೆ ಇಷ್ಟು ಎಂದು ದುಡ್ಡು ಕೊಡುತ್ತಾರೆ. ಆ ಹಳ್ಳಿಯಲ್ಲೇ ಒಬ್ಬ ನರ್ಸಮ್ಮ ಇದ್ದಳು. ಐವತ್ತರ ಹೆಂಗಸು, ಹುಡುಗಿಯಾಗಿದ್ದಾಗ ಚೆನ್ನಾಗಿ ಸವಾರಿ ಮಾಡಿದವಳು. ಅವಳೇ ಕೇಳಿಕೊಂಡು ಬಂದಳು. ಎರಡು ಭಾನುವಾರ ಹನಿಯ ಬೆನ್ನಿಗೆ ಜೀನು ಬಿಗಿದು ಹತ್ತಿ ನೋಡಿದಳು. ಕುದುರೆ ಒಪ್ಪಿತು. ಆಮೇಲೆ, ಎಷ್ಟು ಕೊಡಲಿ ಎಂದು ಕೇಳಿದಳು. ನನ್ನ ಮಗಳು, ನೋಡೋಣ ಎಂದು ಹೇಳಿ ಮನೆಗೆ ಬಂದುಬಿಟ್ಟಳು!

"ಹ್ಯಾಗಮ್ಮ ಕೇಳೋದು? ಒಳ್ಳೆ ಹೆಂಗಸು. ಕೆಲಸಾನೂ ಮಾಡ್ತಾಳೆ. ಸುಮ್ಮನೆ ಬಾ ಅಂದುಬಿಡ್ತೀನಿ."

ಮೂವತ್ತೊಂಬತ್ತು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ.

1984ರ ಮಾತು. ನಮ್ಮ ಮನೆಗೊಂದು ಹೊಲಿಗೆ ಮೆಷಿನ್ನು ಬಂದಿತ್ತು. ಪಕ್ಕದ ಮನೆಯ ಗೆಳತಿ ಮಧ್ಯಾಹ್ನ ಊಟವಾದ ಮೇಲೆ ಬಂದು ನಾಲ್ಕಾರು ರವಿಕೆ, ಲಂಗ ಹೊಲಿಯತೊಡಗಿದಳು. ಅವರ ಮನೆಯಲ್ಲಿ ಕಷ್ಟ ಇತ್ತು, ಹೊಲಿಗೆಯಿಂದ ನಾಲ್ಕು ಕಾಸು ಬರುತ್ತಿತ್ತು. ಮೊದಲ ವಾರವೇ ಅವಳು, "ತಿಂಗಳಿಗೆ ಏನಾದರೂ ತಗೊಳ್ರೀ" ಎಂದಳು. ನಾನು ದೊಡ್ಡವಳಂತೆ, "ಛೆ ಛೆ, ನಮ್ಮೊಳಗೆಂಥ ದುಡ್ಡು?" ಎಂದೆ. ಹೇಳುವಾಗ ಎಷ್ಟು ಹಿತವಾಗಿತ್ತು!

ಆಮೇಲೆ ಸೂಜಿ ಮುರಿಯಿತು. ಬೆಲ್ಟು ಸಡಿಲವಾಯಿತು. ಎಣ್ಣೆ ಬೇಗ ಬೇಗ ಮುಗಿಯುತ್ತಿದೆ ಅನಿಸತೊಡಗಿತು. ನಾನು ಮಲಗಬೇಕೆನ್ನುವ ಹೊತ್ತಿಗೇ ಟಕಟಕ ಶಬ್ದ. ಅವಳೆದುರು ನಗುತ್ತಿದ್ದೆ, ರಾತ್ರಿ ಯಜಮಾನರ ಹತ್ತಿರ ಗೊಣಗುತ್ತಿದ್ದೆ. ಗೋಡೆಗೆ ಕಿವಿ ಇತ್ತೋ, ನನ್ನ ಮುಖವೇ ಹೇಳಿತೋ, ಒಂದು ದಿನ ಅವಳು ಬರುವುದು ನಿಲ್ಲಿಸಿದಳು. ಎಲ್ಲಿಂದಲೋ ಸಾಲ ತಂದು ಕಂತಿನ ಮೇಲೆ ಮೆಷಿನ್ನು ಕೊಂಡಳೆಂದು ಗೊತ್ತಾಯಿತು. ಅರಿಶಿನ ಕುಂಕುಮಕ್ಕೆ ಕರೆದರೆ ಬರುತ್ತಿದ್ದಳು, ತಾಂಬೂಲ ತೆಗೆದುಕೊಂಡು ಹೋಗುತ್ತಿದ್ದಳು. ಮೊದಲಿನ ಮಾತು ಮತ್ತೆ ಬರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. "ಪುಸ್ತಕ ತಗೊಂಡು ಬಾ, ಲೆಕ್ಕ ಹಾಕೋಣ" ಎಂದೆ.

ವಾರಕ್ಕೆ ಲಾಯದ ಬಾಡಿಗೆ 40 ಪೌಂಡು. ಹುಲ್ಲು, ತಿಂಡಿ, ನೆಲಕ್ಕೆ ಹಾಸುವ ಹೊಟ್ಟು ಸೇರಿ 25. ಆರು ವಾರಕ್ಕೊಮ್ಮೆ ಲಾಳ ಹೊಡೆಸಲು 95, ಅಂದರೆ ವಾರಕ್ಕೆ ಸುಮಾರು 16. ವಿಮೆ 10. ವರ್ಷಕ್ಕೊಮ್ಮೆಯ ಚುಚ್ಚುಮದ್ದು, ಹಲ್ಲು ತೋರಿಸುವುದು, ಹುಳದ ಔಷಧಿ ಎಲ್ಲ ಹಂಚಿದರೆ 4. ಒಟ್ಟು 95 ಪೌಂಡು. ಒಂದು ಸಂಸಾರದ ದಿನಸಿ ಖರ್ಚು!

ಏಳು ದಿನದಲ್ಲಿ ಎರಡು ದಿನ ಅವಳದು. ಹಾಗೆ ಭಾಗಿಸಿದರೆ 27 ಬಂತು. ಅಲ್ಲಿಗೆ ನಿಲ್ಲಿಸಬೇಡ ಎಂದೆ. ವಿಮೆ, ಔಷಧಿ ಯಾರದು? ಅವಳಿರಲಿ ಬಿಡಲಿ, ಕುದುರೆ ನಿನ್ನದಾದ್ದರಿಂದ ಬಂದ ಖರ್ಚು ಅದು. ಆ 14 ಬಿಟ್ಟು ಭಾಗಿಸು. 23 ಬಂತು. ಇನ್ನು ಆ ಎರಡು ದಿನ ನೀನು ಆರಕ್ಕೆ ಏಳಬೇಕಾಗಿಲ್ಲ. ಆ ನಿದ್ದೆಗೆ ಬೆಲೆ ಇಲ್ಲವೇ? ಮಗಳು ನಕ್ಕು 20 ಎಂದು ಬರೆದಳು. ಲಾಳ ಸವೆಯುವುದು ಇಬ್ಬರ ಸವಾರಿಯಿಂದ, ಅದು ಲೆಕ್ಕದಲ್ಲಿ ಸೇರಿದೆ. ಕುದುರೆ ಕುಂಟಿ ಸವಾರಿ ಇಲ್ಲದೆ ಹೋದರೆ, ಅವಳು ಚಾಕರಿಗೆ ಮಾತ್ರ ಬಂದರೆ, ಅರ್ಧ. ಬಿಡಬೇಕೆಂದರೆ ಯಾರೇ ಆಗಲಿ ಒಂದು ತಿಂಗಳು ಮೊದಲೇ ಹೇಳಬೇಕು.

ಇದೆಲ್ಲ ಇಂಗ್ಲಿಷರ ಜಿಪುಣತನವೆಂದು ನೀವು ಮೂಗು ಮುರಿಯಬಹುದು. ನಮ್ಮಜ್ಜಿ ಅಕ್ಷರ ಬಾರದವಳು, ಹಡಗು ಕಂಡವಳಲ್ಲ. ಕಡಸನ್ನು ಪಾಲಿಗೆ ಸಾಕಲು ಕೊಡುವಾಗ ಜಗುಲಿಯಲ್ಲಿ ನಾಲ್ಕು ಜನರೆದುರು ಹೇಳುತ್ತಿದ್ದಳು: "ಮೊದಲನೇ ಕರು ನಿಂದು, ಎರಡನೇದು ನಂದು. ಸತ್ತರೆ ಇಬ್ಬರದ್ದೂ ಹೋಯ್ತು." ಮುಗಿಯಿತು. ಪಾಲಿಗೆ ಕೊಂಡವನು ತಲೆ ಎತ್ತಿಕೊಂಡು ಹೋಗುತ್ತಿದ್ದ. ಆ ತಿಳಿವಳಿಕೆಯನ್ನು ನಾವು ಎಲ್ಲಿ ಬಿಟ್ಟೆವೋ. ಹಪ್ಪಳ ಮಾಡಿಕೊಟ್ಟರೂ, ಮಕ್ಕಳಿಗೆ ಪಾಠ ಹೇಳಿಕೊಟ್ಟರೂ, ಎಷ್ಟು ಎಂದು ಕೇಳಿದರೆ, "ನಿಮಗೆ ತೋಚಿದಷ್ಟು ಕೊಡಿ" ಎನ್ನುತ್ತೇವೆ. ಆಮೇಲೆ ಅವರಿಗೆ ತೋಚಿದ್ದು ಕಡಿಮೆಯಾಯಿತೆಂದು ವರ್ಷಗಟ್ಟಲೆ ನೊಂದುಕೊಳ್ಳುತ್ತೇವೆ.

ಮರುದಿನ ನರ್ಸಮ್ಮನಿಗೆ ಮಗಳು ಆ ಹಾಳೆಯನ್ನೇ ತೋರಿಸಿದಳು. ಸವಾರಿ ಶಾಲೆಯಲ್ಲಿ ಒಂದು ಗಂಟೆಗೇ 35 ಪೌಂಡು ಕೊಡುತ್ತಿದ್ದಳಂತೆ. 30 ಎಂದರೂ ಕೊಡುವವಳಿದ್ದೆ ಎಂದಳು. ಮಗಳು ನನ್ನ ಕಡೆ ನೋಡಿದಳು. ಆ 10 ಪೌಂಡಿನ ಆಸೆ ನನಗೂ ಆಯಿತು, ಸುಳ್ಳೇಕೆ ಹೇಳಲಿ? ಆದರೆ ಹೆಚ್ಚು ಕೊಟ್ಟವಳಿಗೆ ನಾಳೆ ಮೂರನೆಯ ದಿನವೂ ನನ್ನದೇ ಅನಿಸಿದರೆ ತಪ್ಪು ಹೇಳುವುದು ಹೇಗೆ? ಲೆಕ್ಕದಲ್ಲಿ ಬಂದದ್ದೇ ಇರಲಿ ಎಂದೆ. ಕರಾರನ್ನು ಬರೆದುಕೊಂಡರು. ಯಾರಿಗಾದರೂ ಕುದುರೆಯಿಂದ ಪೆಟ್ಟಾದರೆ ಎಂಬ ಭಯಕ್ಕೆ ನರ್ಸಮ್ಮ ಬ್ರಿಟಿಷ್ ಹಾರ್ಸ್ ಸೊಸೈಟಿಯ ಸದಸ್ಯತ್ವ ಪಡೆದಳು. 1947ರಲ್ಲಿ ಹುಟ್ಟಿದ, ನಮ್ಮ ಸ್ವಾತಂತ್ರ್ಯದ ವಯಸ್ಸಿನ ಸಂಸ್ಥೆ ಅದು. ಅದರ ಗೋಲ್ಡ್ ಸದಸ್ಯತ್ವದ ಜೊತೆಗೆ ಅಂಥ ವಿಮೆಯೂ ಬರುತ್ತದೆ.

ಒಂದು ತಿಂಗಳಾಗಿರಬೇಕು. ನರ್ಸಮ್ಮ ಬಂದು, ಜೀನಿನ ಹೊಟ್ಟೆಪಟ್ಟಿಯ ಹೊಲಿಗೆ ಬಿಟ್ಟಿದೆ, ಹೀಗೆ ಇದ್ದರೆ ನಾನು ಹತ್ತುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಮಗಳು ಅಂದೇ ಹೊಸದು ತಂದಳು. ಇಬ್ಬರೂ ಟೀ ಕುಡಿದರು. ನಾನು ಅಡುಗೆಮನೆಯಿಂದ ನೋಡುತ್ತ ನಿಂತಿದ್ದೆ. ದುಡ್ಡು ಕೊಡುತ್ತಿದ್ದವಳಾದ್ದರಿಂದ ಅವಳು ಬಾಯಿಬಿಟ್ಟು ಹೇಳಿದಳು. ನನ್ನ ಗೆಳತಿಗೆ ಮಾತ್ರ, ಮೆಷಿನ್ನಿನ ಬೆಲ್ಟು ಸರಿಯಿಲ್ಲ ರೀ ಎಂದು ಹೇಳುವ ಬಾಯಿಯನ್ನೇ ನಾನು ಬಿಡಲಿಲ್ಲ. ಪುಕ್ಕಟೆ ಕೊಟ್ಟು ಅದನ್ನು ಕಸಿದುಕೊಂಡಿದ್ದೆ.

ಜೂನಿನಲ್ಲಿ ಊರಿಗೆ ಬಂದೆ. ಅವಳೀಗ ಮಗನ ಜೊತೆ ಬೇರೆ ಬಡಾವಣೆಯಲ್ಲಿದ್ದಾಳೆ. ಆಟೋ ಮಾಡಿಕೊಂಡು ಹೋದೆ. ಕುದುರೆಯ ಕಥೆಯನ್ನೆಲ್ಲ ಹೇಳಿದೆ. ಕೊನೆಗೆ ಮೆಷಿನ್ನಿನ ಮಾತನ್ನೂ ಎತ್ತಿದೆ. ಅವಳು ಬಹಳ ಹೊತ್ತು ಸೆರಗಿನ ತುದಿ ತಿರುವುತ್ತಾ ಕೂತಿದ್ದಳು.

"ತಿಂಗಳಿಗೆ ಹತ್ತು ರೂಪಾಯಿ ಅಂತ ನೀವು ಕೇಳಿದ್ದಿದ್ರೆ ನಾನು ದಿನಾ ಬರ್ತಿದ್ದೆ ಕಣ್ರೀ" ಎಂದಳು.

ಆಮೇಲೆ ಎದ್ದು ಕಾಫಿಗೆ ನೀರಿಟ್ಟಳು. ಆ ದಿನ ನಾನು ಮನೆಗೆ ಬಂದದ್ದು ರಾತ್ರಿ ಎಂಟು ಗಂಟೆಗೆ.