ಸಾಲಗಾರನ ಪ್ರಣಯ

ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ, ಇನ್ನು ವಸೂಲಾಗುವುದಿಲ್ಲವೆಂದು ಕೈಬಿಟ್ಟ ಬಾಕಿಗಳ ನಡುವೆ ವಿನ್‌ಸ್ಟನ್ ಚರ್ಚಿಲ್ ಎಂಬ ಲೆಫ್ಟಿನೆಂಟನ ಹೆಸರಿದೆ: 13 ರೂಪಾಯಿ. ಊರಿನವರು ಈ ಸಾಲವನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗೆ ಮಾತ್ರ ಆ ಹುಡುಗ ದಂಡಿನಲ್ಲಿ ಕಳೆದ ಹೊತ್ತಿನ ಮೇಲೆ ಕುತೂಹಲ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ. ನಡುವಿನ ಬಿಸಿಲಲ್ಲಿ ಗಿಬ್ಬನ್ನನ ರೋಮ್ ಚರಿತ್ರೆ, ಗುಲಾಬಿ ಗಿಡ, ಚಿಟ್ಟೆ ಸಂಗ್ರಹ. ಚಿಟ್ಟೆಗಳನ್ನು ಒಂದು ಇಲಿ ತಿಂದುಹಾಕಿತು.

ಅಂಥ ದಿನಗಳಲ್ಲೇ, 1896ರ ನವೆಂಬರಿನಲ್ಲಿ, ಪೋಲೊ ಆಡಲು ಸಿಕಂದರಾಬಾದಿಗೆ ಹೋದವನ ಕಣ್ಣಿಗೆ ಪಮೇಲಾ ಪ್ಲೌಡನ್ ಬಿದ್ದಳು. ಹೈದರಾಬಾದಿನ ರೆಸಿಡೆಂಟ್ ಸಾಹೇಬರ ಮಗಳು. ಇಂಥ ಚೆಲುವೆಯನ್ನು ತಾನು ಈವರೆಗೆ ಕಂಡೇ ಇಲ್ಲವೆಂದು ತಾಯಿಗೆ ಬರೆದ. ಮನಸ್ಸಿಗೆ ಬಂದ ಹುಡುಗಿಯ ಸುದ್ದಿಯನ್ನು ತಾಯಿಗೆ ವರದಿ ಮಾಡುವ ಆ ಮುಗ್ಧನ ಮೇಲೆ ನನಗೆ ಅಕ್ಕರೆ ಹುಟ್ಟುತ್ತದೆ. ಆಮೇಲಿನ ಚರ್ಚಿಲ್ಲನ ಮೇಲೆ ಅಷ್ಟು ಸುಲಭಕ್ಕೆ ಹುಟ್ಟುವುದಿಲ್ಲ. ವರ್ಷಗಟ್ಟಲೆ ಕಾಗದ ಓಡಾಡಿದವು. ನಿನಗೆ ಪ್ರೀತಿಸಲು ಬರುವುದಿಲ್ಲವೆಂದು ಅವಳ ದೂರು. ತಾನು ಚಂಚಲನಲ್ಲವೆಂದು ಇವನ ವಾದ. ವಾದದಲ್ಲಿ ಗೆದ್ದಿರಬೇಕು, ಅದೇ ತೊಂದರೆ. ಕೈಯಲ್ಲಿ ಕಾಸಿರಲಿಲ್ಲ ಎಂಬುದೂ ಉಂಟು. ಕ್ಲಬ್ಬಿನ ಗುಮಾಸ್ತನನ್ನು ಕೇಳಿದ್ದರೆ ಹೇಳುತ್ತಿದ್ದ. 1902ರಲ್ಲಿ ಅವಳು ಲಿಟ್ಟನ್ ಪ್ರಭುವಿನ ಕೈಹಿಡಿದಳು.

ನಟಿ ಎಥೆಲ್ ಬ್ಯಾರಿಮೋರ್ ಒಲ್ಲೆ ಎಂದಳು. ಹಡಗಿನ ಸಾಹುಕಾರರ ಮನೆಯ ಮ್ಯೂರಿಯಲ್ ವಿಲ್ಸನ್, ಅವನ ನಾಲಿಗೆಗೆ ಒಗ್ಗದ 'ಸ'ಕಾರವನ್ನು ತಿದ್ದಲು ವಾಕ್ಯಗಳನ್ನು ಹೇಳಿಸಿದಳು. ಉಚ್ಚಾರ ತಿದ್ದಿದಳು, ಉಂಗುರ ತೊಡಲಿಲ್ಲ.

ನಮ್ಮ ಕಾಲೇಜಿಗೆ ಚರ್ಚಾಸ್ಪರ್ಧೆಯ ಢಾಲುಗಳನ್ನೆಲ್ಲ ಹೊತ್ತು ತರುತ್ತಿದ್ದ ಗೆಳೆಯನೊಬ್ಬ ಬಸ್‌ಸ್ಟಾಪಿನಲ್ಲಿ ತಾನು ಮೆಚ್ಚಿದವಳೆದುರು ನಿಂತು "ಟೈಮೆಷ್ಟಾಯ್ತು?" ಎಂದು ಕೇಳಿ, ಅವಳು ಬಾಯಿ ತೆರೆಯುವ ಮೊದಲೇ ತನ್ನ ವಾಚು ನೋಡಿ ತಾನೇ ಉತ್ತರ ಹೇಳಿದ್ದ. 1904ರಲ್ಲಿ ಲಂಡನ್ನಿನ ನೃತ್ಯಕೂಟವೊಂದರಲ್ಲಿ ಕ್ಲೆಮೆಂಟೈನ್ ಹೋಜಿಯರಳ ಪರಿಚಯವಾದಾಗ ಚರ್ಚಿಲ್ ಅಷ್ಟನ್ನೂ ಮಾಡಲಿಲ್ಲ. ಸುಮ್ಮನೆ ನೋಡುತ್ತ ನಿಂತ. ಕುಣಿಯಲು ಕರೆಯಲೂ ಇಲ್ಲ. ಅವಳು ಬೇರೊಬ್ಬನಿಗೆ ಸನ್ನೆ ಮಾಡಿ ಪಾರಾದಳು. ಮತ್ತೆ ನಾಲ್ಕು ವರ್ಷವಾದ ಮೇಲೆ, ಬ್ಲೆನ್‌ಹೈಮ್ ಅರಮನೆಯ ತೋಟದ ಮಂಟಪದಲ್ಲಿ ಇಬ್ಬರೇ, ಹೊರಗೆ ಆಗಸ್ಟಿನ ಮಳೆ. ಎಷ್ಟು ಹೊತ್ತಾದರೂ ಇವನಿಂದ ಆ ಮಾತಿಲ್ಲ. ನೆಲದ ಮೇಲೆ ಹರಿಯುತ್ತಿದ್ದ ಹುಳವೊಂದನ್ನು ನೋಡುತ್ತ, ಅದು ಅಗೋ ಆ ಬಿರುಕು ಮುಟ್ಟುವುದರೊಳಗೆ ಕೇಳದಿದ್ದರೆ ಇವನು ಎಂದೂ ಕೇಳುವವನಲ್ಲ ಎಂದು ಅವಳು ಮನಸ್ಸಿನಲ್ಲೇ ಗಡುವು ಹಾಕಿದಳಂತೆ. ಹುಳ ನಿಧಾನವಾಗಿ ನಡೆದು ಉಪಕಾರ ಮಾಡಿತು.

ಪಮೇಲಾ ಕೊನೆಯವರೆಗೂ ಗೆಳತಿಯಾಗಿ ಉಳಿದಳು. ವಿನ್‌ಸ್ಟನ್ನನ ದೋಷಗಳೆಲ್ಲ ಮೊದಲ ಭೇಟಿಯಲ್ಲೇ ಕಂಡುಬಿಡುತ್ತವೆ, ಗುಣಗಳನ್ನು ಕಂಡುಕೊಳ್ಳುವುದರಲ್ಲಿ ಉಳಿದ ಆಯುಷ್ಯ ಕಳೆಯುತ್ತದೆ ಎಂದು ಅವಳು ಹೇಳಿದ್ದುಂಟು. ಅವಳಿಗೆ ಅಷ್ಟು ಆಯುಷ್ಯವೂ ಇತ್ತು, ತಾಳ್ಮೆಯೂ ಇತ್ತು. ಅವಳ ಗಂಡ 1920ರ ದಶಕದಲ್ಲಿ ಗವರ್ನರ್ ಆಗಿದ್ದ ಬಂಗಾಳದವರಿಗೆ, 1943ರ ಕ್ಷಾಮದಲ್ಲಿ, ಮೊದಲ ಭೇಟಿಯ ಚರ್ಚಿಲ್ ಮಾತ್ರ ಸಿಕ್ಕ.