ಕತ್ತರಿ, ಕಡ್ಡಿ, ಕೌದಿ

ಮಲೆನಾಡಿನ ಮನೆಗಳಲ್ಲಿ ಹೆಂಗಸರ ಕೈಗೆಲಸಕ್ಕೆ ವೇಳಾಪಟ್ಟಿ ಬರೆಯುವುದು ಮಳೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ಈ ಗುಡ್ಡಗಳ ನಡುವೆ ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿ, ನಿವೃತ್ತಿಯ ನಂತರವೂ ಇಲ್ಲಿಯೇ ನೆಲೆನಿಂತ ನನಗೆ ಇದು ಅನುಭವದಿಂದ ಮನವರಿಕೆಯಾದ ಸಂಗತಿ. ಜೂನ್ ತಿಂಗಳಲ್ಲಿ ಮೃಗಶಿರ ಹಿಡಿಯಿತೆಂದರೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷಗಳು ಒಂದರ ಬೆನ್ನಿಗೊಂದು ಬರುತ್ತವೆ. ಆ ದಿನಗಳಲ್ಲಿ ಪೆಟ್ಟಿಗೆಯೊಳಗಿನ ಸೂಜಿಗೆ ತುಕ್ಕು, ಕಪಾಟಿನೊಳಗಿನ ಸೀರೆಗೆ ಬೂಷ್ಟು. ಹೊಲಿಗೆ ಯಂತ್ರದ ಚರ್ಮದ ಬೆಲ್ಟು ಥಂಡಿಗೆ ಹಿಗ್ಗಿ ಚಕ್ರದ ಮೇಲೆ ಜಾರುತ್ತದೆ. ಒಗೆದ ಬಟ್ಟೆಯೇ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ ತೂಗಾಡಿ, ಕಡೆಗೆ ಅಗ್ಗಿಷ್ಟಿಕೆಯ ಕಾವಿನಲ್ಲಿ ಹೊಗೆಯ ವಾಸನೆಯೊಡನೆ ಒಣಗುವಾಗ, ಹತ್ತಿಯ ಬಟ್ಟೆಯನ್ನು ಪದರ ಪದರವಾಗಿ ಹರಡಿಕೊಂಡು ಕೌದಿ ಹೊಲಿಯುತ್ತೇನೆಂದು ಕೂರುವುದು ಆಗದ ಮಾತು. ಆಗ ಕೈಗೆ ಬರುವುದು ಉಲ್ಲನ್ ಮತ್ತು ಎರಡು ಕಡ್ಡಿಗಳು.

ಮನೆಗೆ ಬರುವ ಹಳೆಯ ವಿದ್ಯಾರ್ಥಿನಿಯರು ನಡುಮನೆಯಲ್ಲಿ ಹರಡಿಕೊಂಡಿರುವ ಸಾಮಗ್ರಿಗಳನ್ನು ಕಂಡು, “ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯಬಾರದೇ ಮೇಡಂ?” ಎಂದು ಕೇಳುವುದುಂಟು. ‘ಒಂದು ಲೆಕ್ಕ ಮುಗಿಯದೆ ಇನ್ನೊಂದಕ್ಕೆ ಹೋಗಬೇಡಿ’ ಎಂದು ತರಗತಿಯಲ್ಲಿ ಗದರುತ್ತಿದ್ದವಳು ನಾನೇ ಆದ್ದರಿಂದ, ಹಾಗೆ ಕೇಳುವ ಹಕ್ಕು ಅವರಿಗಿದೆ. ಅವರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಮ್ಮ ಮನೆಯ ಮೂರು ಕೈಗೆಲಸಗಳು ಮೂರು ದಿಕ್ಕಿನಿಂದ ಬಂದವು. ಕೌದಿ ನನ್ನ ತವರಿನದು. ಧಾರವಾಡದ ಕಡೆ ಸುಗ್ಗಿ ಮುಗಿದು ಬಿಸಿಲು ಬಲಿತ ಮೇಲೆ, ಅವ್ವ ವರ್ಷದುದ್ದಕ್ಕೂ ಗಂಟು ಕಟ್ಟಿಟ್ಟಿದ್ದ ಹಳೆಯ ಬಟ್ಟೆಗಳನ್ನು ಪಡಸಾಲೆಯಲ್ಲಿ ಬಿಚ್ಚುತ್ತಿದ್ದಳು. ಅಡಿಗೆ ಒಂದು ಹಳೆಯ ಸೀರೆ ಹಾಸಿ, ಅದರ ಮೇಲೆ ಹರಿದ ಧೋತರ, ಅಂಗಿಯ ಬೆನ್ನು, ಲಂಗದ ಘೇರುಗಳನ್ನು ಸುಕ್ಕಿಲ್ಲದಂತೆ ಹೊಂದಿಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಬಿಗಿದು, ಅನಂತರ ದಪ್ಪ ಸೂಜಿ ಹಿಡಿದು ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ ಬರುವುದು ಕ್ರಮ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರೂ ಬರುತ್ತಿದ್ದರು. ಅವರ ಕೈಯ ಹೊಲಿಗೆ ಅಕ್ಷರ ಬರೆದಂತೆ ಒಂದೇ ಸಮನಾಗಿರುತ್ತಿತ್ತು. ಮದುವೆಯಾಗಿ ಈ ಕಡೆ ಬಂದಾಗ ಅಂಥ ಒಂದು ಕೌದಿ ನನ್ನ ಟ್ರಂಕಿನಲ್ಲಿತ್ತು. ಕಂಬಳಿಯ ನಾಡಿನವರಾದ ನಮ್ಮ ಅತ್ತೆಯವರು ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿ, “ಇದು ಒಂದ್ಸಲ ನೆಂದ್ರೆ ದೀಪಾವಳಿ ತಂಕ ಒಣಗಲ್ಲ ಕಣಮ್ಮ” ಎಂದರು. ಅವರ ಮಾತು ಅಕ್ಷರಶಃ ನಿಜವಾಯಿತು. ಉಣ್ಣೆಯ ಕಂಬಳಿ ಹನಿಯನ್ನು ಮೇಲೆಯೇ ತಡೆಯುತ್ತದೆ. ಹತ್ತಿಯ ಕೌದಿ ಗಾಳಿಯಲ್ಲಿನ ತೇವವನ್ನೂ ಕುಡಿಯುತ್ತದೆ. ಆದುದರಿಂದ ಇಲ್ಲಿ ಕೌದಿಯ ಕೆಲಸ ಕಾರ್ತಿಕದಿಂದ ಚೈತ್ರದವರೆಗೆ, ಬಿಸಿಲಿರುವಾಗ ಮಾತ್ರ.

ಹೆಣಿಗೆ ನನಗೆ ಶಾಲೆಯಿಂದ ಬಂತು. 1962ರಲ್ಲಿ ಚೀನಾ ಯುದ್ಧವಾದಾಗ ದೇಶದ ತುಂಬ ಹೆಂಗಸರು ಗಡಿಯ ಸೈನಿಕರಿಗಾಗಿ ಸ್ವೆಟರ್ ಹೆಣೆದರು. ಆಗಿನ್ನೂ ಚಿಕ್ಕವಳಾಗಿದ್ದ ನನಗೆ ನಮ್ಮ ಶಾಲೆಯ ಹೊಲಿಗೆ ಟೀಚರು ಸೀದಾ, ಉಲ್ಟಾ ಎರಡನ್ನೂ ಕಲಿಸಿ ಮಫ್ಲರಿನ ಕೆಲಸ ಕೊಟ್ಟರು. ಮುಂದೆ ಈ ಚಳಿಯ ಊರಿಗೆ ಬಂದಾಗ ಆ ವಿದ್ಯೆ ಅನ್ನಕ್ಕಿಂತ ಹೆಚ್ಚಾಗಿ ಒದಗಿತು. ಸಕಲೇಶಪುರದಲ್ಲಿ ಬಸ್ಸು ಹತ್ತಿ ಹೇಮಾವತಿಯ ಸೇತುವೆ ದಾಟಿದ ಮೇಲೆ ಕಡ್ಡಿ ತೆಗೆದರೆ ಬಾಳ್ಳುಪೇಟೆಯ ಹೊತ್ತಿಗೆ ಎಂಟು ಸಾಲು. ನನ್ನ ಪಕ್ಕದಲ್ಲಿ ಕುಳಿತು ಶಾಲೆಗೆ ಬರುತ್ತಿದ್ದ ಹುಡುಗಿಯರು, ಈಗ ಅಜ್ಜಿಯರಾಗಿರುವವರು, ಇದನ್ನು ನೆನಪಿಟ್ಟಿರಬಹುದು.

ಮೂರನೆಯದಾದ ಹೊಲಿಗೆ ಯಂತ್ರ ಅತ್ತೆಯವರ ಆಸ್ತಿ. ಅಮೆರಿಕದ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಪಡೆದ. ಯಂತ್ರನಾಗರಿಕತೆಯನ್ನು ಅಷ್ಟು ಕಟುವಾಗಿ ಟೀಕಿಸಿದ ಗಾಂಧೀಜಿಯವರು 1924ರಲ್ಲಿ ನಡೆದ ಒಂದು ಸಂವಾದದಲ್ಲಿ ಸಿಂಗರ್ ಯಂತ್ರವನ್ನು ಮಾತ್ರ ಅಪವಾದವೆಂದು ಹೊರಗಿಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುವ ಬವಣೆಯನ್ನು ನೋಡಲಾರದೆ ಹುಟ್ಟಿದ ಯಂತ್ರವದು ಎಂಬುದು ಅವರ ಮೆಚ್ಚುಗೆಗೆ ಕಾರಣವಾಗಿತ್ತು. ನಮ್ಮ ಅತ್ತೆಯವರದು ಕಲ್ಕತ್ತೆಯಲ್ಲಿ ತಯಾರಾದ ಉಷಾ. ಅದರ ಮೇಲೆ ಅವರು ಹೊಲಿದದ್ದು ಹೆಚ್ಚಾಗಿ ಬೇರೆಯವರ ಮಕ್ಕಳ ಬಟ್ಟೆ. ಆ ಪದ್ಧತಿ ಇಂದಿಗೂ ನಿಂತಿಲ್ಲ. ಸರ್ಕಾರದಿಂದ ಶಾಲಾ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಉಚಿತವಾಗಿ ಬರುತ್ತದೆ. ಅದನ್ನು ಹೊಲಿಸುವ ಕೂಲಿ ತೋಟದ ಲೈನ್ ಮನೆಗಳವರಿಗೆ ಭಾರವಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆ ತೆರೆಯುವ ಮುನ್ನ ಹತ್ತಾರು ನಿಕ್ಕರು, ಲಂಗಗಳು ನಮ್ಮ ಜಗಲಿಗೆ ಬರುತ್ತವೆ.

ಈ ಮೂರಕ್ಕೂ ಒಂದೊಂದು ಸ್ವಭಾವವಿದೆ. ಕತ್ತರಿಯ ಕೆಲಸ ತಿದ್ದಲು ಬರುವುದಿಲ್ಲ. ಒಮ್ಮೆ ಬಟ್ಟೆ ತುಂಡಾದರೆ ಬ್ರಹ್ಮನೂ ಜೋಡಿಸಲಾರ. ಆದ್ದರಿಂದ ಅಳತೆ ಮತ್ತು ಕತ್ತರಿ ಬೆಳಗಿನ ಬೆಳಕಿಗೆ, ಮನೆಯಲ್ಲಿ ಯಾರೂ ಮಾತನಾಡಿಸದ ಹೊತ್ತಿಗೆ ಮೀಸಲು. ಹೆಣಿಗೆ ಕ್ಷಮಾಶೀಲೆ. ಕುಣಿಕೆ ಜಾರಿದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಹತ್ತು ವರ್ಷದ ಹಿಂದಿನ ಸ್ವೆಟರನ್ನೇ ಬಿಚ್ಚಿ, ನೂಲನ್ನು ಒದ್ದೆ ಮಾಡಿ ಭಾರ ಕಟ್ಟಿ ನೇರಗೊಳಿಸಿ, ಹೊಸ ಮಗುವಿಗೆ ಟೋಪಿ ಮಾಡಬಹುದು. ಅದು ಕಾಯುವ ಹೊತ್ತಿನ ಕೆಲಸ. ಬಸ್ಸಿಗೆ, ವೈದ್ಯರಿಗೆ, ಹಾಲು ಉಕ್ಕುವುದಕ್ಕೆ. ಕೌದಿಯಾದರೋ ಏನನ್ನು ಕೊಟ್ಟರೂ ಒಳಗೆ ಹಾಕಿಕೊಳ್ಳುವ ಹೊಟ್ಟೆ. ಕತ್ತರಿಗೆ ತಪ್ಪಿದ ತುಂಡು, ಬಣ್ಣ ಹೋದ ರವಿಕೆ, ಎಲ್ಲಕ್ಕೂ ಅಲ್ಲಿ ಜಾಗವುಂಟು. ನಾಲ್ಕು ಜನ ಕುಳಿತು ಮಾತನಾಡುತ್ತ ಹೊಲಿಯುವಂಥದು ಅದು. ಹೀಗೆ ಹೊತ್ತು ಬೇರೆ, ಬೆಳಕು ಬೇರೆ, ಋತು ಬೇರೆ ಆದಮೇಲೆ ಒಂದು ಮುಗಿಯುವ ತನಕ ಇನ್ನೊಂದನ್ನು ಮುಟ್ಟೆನೆಂದರೆ ವರ್ಷದ ಅರ್ಧ ಭಾಗ ಕೈಕಟ್ಟಿ ಕೂರಬೇಕಾಗುತ್ತದೆ. ವಿದ್ಯಾರ್ಥಿನಿಯರ ಪ್ರಶ್ನೆಗೆ ಇದು ಮೊದಲ ಉತ್ತರ.

ಎರಡನೆಯ ಉತ್ತರ ಇಷ್ಟು ಸರಳವಾದುದಲ್ಲ. ಈ ಕಾರ್ತಿಕದಲ್ಲಿ ನನ್ನ ಮುಂದೆ ಮೂರೂ ಕೆಲಸಗಳು ಏಕಕಾಲಕ್ಕೆ ನಿಂತಿವೆ. ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲು ಆರಂಭವಾಗಿದೆ. ಕೊಯ್ಲಿಗೆಂದು ಬಯಲುಸೀಮೆಯಿಂದ ಬಂದ ಕುಟುಂಬಗಳ ಮಕ್ಕಳು ನಡುವರ್ಷದಲ್ಲಿ ಶಾಲೆ ಸೇರಿದ್ದಾರೆ. ಅವರಿಗೆ ಯಾರಯಾರದೋ ಹಳೆಯ ಸಮವಸ್ತ್ರಗಳನ್ನು ಒಡೆದು, ಕಿರಿದು ಮಾಡಿ ಕೊಡಬೇಕು. ಬೆಂಗಳೂರಿನಲ್ಲಿರುವ ಸೊಸೆಗೆ ಪುಷ್ಯಮಾಸದಲ್ಲಿ ದಿನ ತುಂಬುತ್ತದೆ. ಆ ಕೂಸಿನ ಸ್ವೆಟರಿಗೆ ಇನ್ನೂ ತೋಳು ಬಂದಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡ ಅವ್ವನ ನಾಲ್ಕು ಇಳಕಲ್ ಸೀರೆಗಳು ಕೌದಿಯಾಗಲೆಂದು ಪೆಟ್ಟಿಗೆಯಲ್ಲಿ ಕಾದಿವೆ. ಕಣ್ಣೆದುರಿನವರು, ಹುಟ್ಟಲಿರುವವರು, ಹೋದವರು. ಯಾರ ಕೆಲಸ ಮೊದಲು?

ಸಾಮಾನ್ಯ ವರ್ಷವಾಗಿದ್ದರೆ ಉತ್ತರ ಸುಲಭವಿತ್ತು. ಚಳಿಯಲ್ಲಿ ನಡುಗುವ ಮಗು ಮೊದಲು, ಕೂಸಿಗೆ ತಿಂಗಳ ಲೆಕ್ಕವಿದೆ, ಹೋದವರಿಗೆ ಅವಸರವಿಲ್ಲ. ಆದರೆ ಈ ವರ್ಷ ನನ್ನ ಬಲಗಣ್ಣಿನ ಪೊರೆ ಬಲಿತಿದೆ. ಸಂಜೆಯ ದೀಪದಲ್ಲಿ ಸೂಜಿಗೆ ಎರಡು ಕಣ್ಣು ಕಾಣುತ್ತವೆ. ಮಾಘದಲ್ಲಿ ಶಸ್ತ್ರಚಿಕಿತ್ಸೆ ಎಂದು ವೈದ್ಯರು ದಿನ ಗೊತ್ತುಮಾಡಿದ್ದಾರೆ. ಬೆರಳ ಗಂಟುಗಳ ನೋವಿಗೆ ಮಾತ್ರ ಅಂಥ ದಿನ ಗೊತ್ತುಮಾಡುವವರಿಲ್ಲ. ಹೋದವರಿಗೆ ಅವಸರವಿಲ್ಲದಿದ್ದರೂ ಅವರ ಬಟ್ಟೆಯನ್ನು ಹೊಲಿಯಬಲ್ಲ ಕೈಗೆ ಅವಸರವಿದೆ. ಈ ಕೈಗಳ ನಂತರ ಆ ಸೀರೆಗಳು ನಮ್ಮ ಮಕ್ಕಳ ಪಾಲಿಗೆ ಬರಿಯ ಹಳೆಯ ಬಟ್ಟೆ.

ಇದರ ನಡುವೆ ಧಾರವಾಡದಿಂದ ಅಕ್ಕನ ಫೋನು. “ಏನರ ಮಾಡು, ಅವ್ವನ ಸೀರಿಗೆ ಕತ್ತರಿ ಹಚ್ಚಬ್ಯಾಡ. ನನಗ ನೋಡಾಕ ಆಗೂದಿಲ್ಲ.” ಅಕ್ಕನಿಗೆ ಆ ಸೀರೆಗಳು ಮಡಿಕೆಯಾಗಿ ಕಪಾಟಿನಲ್ಲಿರಬೇಕು; ನನಗೆ ಮೈಮೇಲೆ ಇರಬೇಕು. ಎರಡು ತಿಂಗಳು ಈ ಮಾತಿನಲ್ಲಿಯೇ ಕಳೆಯಿತು. ಇಬ್ಬರೂ ಎಪ್ಪತ್ತು ದಾಟಿದವರು, ಸೀರೆಯೊಂದರ ನೆವದಲ್ಲಿ ಮಾತು ಬಿಡುವ ಹಂತಕ್ಕೆ ಬಂದಿದ್ದೆವು.

ಕಡೆಗೆ ದಾರಿ ತೋರಿಸಿದ್ದು ಮೂರನೆಯ ತರಗತಿಯ ಲೆಕ್ಕ. ಅವ್ವ ಉಡುತ್ತಿದ್ದುದು ಎಂಟು ಗಜದ ಸೀರೆ. ಎಂಟು ಗಜವೆಂದರೆ 24 ಅಡಿ. ನಾಲ್ಕು ಮಡಿಕೆ ಮಾಡಿದರೆ 6 ಅಡಿ. ಸೀರೆಯ ಅಗಲ ಹೆಚ್ಚುಕಡಿಮೆ 4 ಅಡಿ. ಒಬ್ಬರು ಹೊದೆಯುವ ಕೌದಿಯ ಅಳತೆಯೂ ಅಷ್ಟೇ! ಉಟ್ಟು ಉಟ್ಟು ತೆಳುವಾದ ಎರಡು ಸೀರೆಗಳನ್ನು ಮಡಿಸಿ ಒಂದರ ಮೇಲೊಂದು ಇಟ್ಟರೆ ಕತ್ತರಿ ತಾಗದೆಯೇ ಎಂಟು ಪದರ. ಮೇಲುಹೊದಿಕೆಗೆ ನಮ್ಮಿಬ್ಬರ ಹಳೆಯ ರವಿಕೆಗಳ ತುಂಡುಗಳು ಸಾಕು. ನಾಲ್ಕು ಸೀರೆಗೆ ಎರಡು ಕೌದಿ, ಅಕ್ಕನಿಗೊಂದು, ನನಗೊಂದು. ಮುಂದೆ ಎಂದಾದರೂ ಹೊಲಿಗೆ ಬಿಚ್ಚಿದರೆ ಸೀರೆ ಇಡಿಯಾಗಿಯೇ ಹೊರಬರುತ್ತದೆ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅಡ್ಡಿಯಿಲ್ಲ” ಎಂದಳು.

ಇನ್ನು ಶ್ರಮದ ಲೆಕ್ಕ. ಅರ್ಧ ಅಂಗುಲಕ್ಕೊಂದು ಸಾಲಿನಂತೆ ಹೊಲಿದರೆ ಒಂದು ಕೌದಿಗೆ 576 ಅಡಿ ಹೊಲಿಗೆ. ಗಂಟೆಗೆ ಹನ್ನೆರಡು ಅಡಿಯಂತೆ 48 ಗಂಟೆ. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ರಗ್ಗು ಸಿಗುವಾಗ ಇದೇಕೆ ಎಂದು ಮಗ ಕೇಳುತ್ತಾನೆ. ಕೇಂದ್ರ ಸರ್ಕಾರದ ಅಂಕಿ-ಅಂಶ ಇಲಾಖೆ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಅದರಲ್ಲಿ ತೊಡಗುವ ಗಂಡಸರು 97 ನಿಮಿಷ ಕೊಡುತ್ತಾರೆಂದು ಅದರಲ್ಲಿ ಕಂಡುಬಂತು. ಅಂಥ ಸಮೀಕ್ಷೆಗಳ ವರ್ಗೀಕರಣದಲ್ಲಿ ಹರಿದ ಬಟ್ಟೆಗೆ ತೇಪೆ ಹಾಕುವುದು ಮನೆಯ ಸೇವೆ. ಮನೆಬಳಕೆಗೆ ಹೊಸ ಬಟ್ಟೆ ತಯಾರಿಸುವುದು ಉತ್ಪಾದನೆ. ಹರಿದ ಬಟ್ಟೆಗಳಿಂದಲೇ ಹೊಸದಾಗುವ ಕೌದಿಯನ್ನು ಯಾವ ಕಲಮಿಗೆ ಸೇರಿಸಬೇಕೋ, ಗಣಿತದ ಮೇಷ್ಟ್ರುಗಳು ಹೇಳಬೇಕು.

ಲೋಕ ಈ ಕೆಲಸವನ್ನು ತಡವಾಗಿಯಾದರೂ ಗುರುತಿಸಿದೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಜನಾಂಗದ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯವನ್ನು ಸೇರಿ, 2006ರಲ್ಲಿ ಅಂಚೆಚೀಟಿಗಳಾದವು. ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ‘ಕವಂದಿ’ಗಳನ್ನು ವಿದೇಶದ ವಿದ್ವಾಂಸರು ಅಭ್ಯಾಸ ಮಾಡಿದ್ದಾರೆ. ಅವರೂ ಅಂಚಿನಿಂದ ಹೊರಟು ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಹೊಲಿಯದಿದ್ದರೆ ಕವಂದಿ ಪೂರ್ಣವಾಗುವುದಿಲ್ಲವೆಂಬುದು ಅವರ ನಂಬಿಕೆ.

ನನ್ನ ಕೆಲಸಕ್ಕೆ ಗುರುತು ಸಿಕ್ಕಿದ್ದು ಇನ್ನೂ ಹತ್ತಿರದಲ್ಲಿ. ಮಗನ ಚಡ್ಡಿ ಕಿರಿದು ಮಾಡಿಸಲು ಬಂದ ಕೊಯ್ಲಿನ ಹೆಂಗಸೊಬ್ಬಳು ಬಿಸಿಲಿಗೆ ಹಾಸಿದ್ದ ಕೌದಿಯನ್ನು ಕಂಡು, “ಅಯ್ಯ, ಇಲ್ಲೂ ಕೌದಿ ಐತೇನ್ರೀ ಅಮ್ಮಾರ!” ಎಂದು ನಕ್ಕಳು. ಅವರು ಊರಿಂದ ಹೊತ್ತು ತಂದದ್ದೂ ಕೌದಿಯೇ. ಚಡ್ಡಿಗೆ ಕೂಲಿ ತೆಗೆದುಕೊಳ್ಳುವುದಿಲ್ಲವೆಂದಾಗ ಕೇಳಲೇ ಇಲ್ಲ. ಭಾನುವಾರ ಮಧ್ಯಾಹ್ನ ಬಂದು ಕೂತು ಮೂರು ಸಾಲು ಹಾಕಿ ಹೋದಳು. ಸೂಜಿಗೆ ದಾರ ಪೋಣಿಸಿಡುವ ಕೆಲಸ ಅವಳ ಮಗನದು. ಈಗ ನನಗೆ ಒಂದೇ ಸಲ ಹನ್ನೆರಡು ಸೂಜಿಗಳು ಸಿದ್ಧವಿರುತ್ತವೆ.

ಆದ್ದರಿಂದ, ಮಕ್ಕಳೇ, ಅರ್ಧ ನಿಂತ ಕೆಲಸಗಳನ್ನು ಕಂಡು ನಿಮ್ಮ ಮನೆಯ ಹಿರಿಯರನ್ನು ಗದರಬೇಡಿ. ಸೂಜಿಗೆ ದಾರ ಪೋಣಿಸಿಕೊಡಿ, ನೂಲಿನ ಲಡಿಗೆ ಎರಡು ಕೈ ಒಡ್ಡಿ. ಬೆಳಿಗ್ಗೆ ಬೆಳಕಿರುವಾಗ ಅಡುಗೆಮನೆಯಿಂದ ಒಂದು ಗಂಟೆ ಬಿಡುಗಡೆ ಕೊಡಿ. ಅವರಿಗೆ ಬೇಕಾದ ಉಡುಗೊರೆ ಅದಕ್ಕಿಂತ ದೊಡ್ಡದೇನಲ್ಲ.

ಸದ್ಯದ ಸ್ಥಿತಿ ಹೀಗಿದೆ. ಏಳು ಮಕ್ಕಳ ಸಮವಸ್ತ್ರ ಮುಗಿದು ಶಾಲೆಗೆ ಹೋಗಿವೆ. ಸ್ವೆಟರಿನ ಬಲತೋಳು ಮೊಣಕೈವರೆಗೆ ಬಂದಿದೆ. ಮೊದಲ ಕೌದಿ ಮೂರು ಕಡೆಯಿಂದ ಗೇಣಗಲ ಒಳಗೆ ಸರಿದಿದೆ. ನಾಲ್ಕನೆಯ ಅಂಚನ್ನು ಮುಟ್ಟಿಲ್ಲ. ಮುಂದಿನ ವಾರ ಅಕ್ಕ ಬರುತ್ತಾಳೆ. ಆ ಕಡೆಯಿಂದ ಹೊಲಿಯುವುದು ಅವಳ ಪಾಲು.