ಲೇಬಲ್ಲಿನ ಇಲಿ

ಲ್ಯಾಬಿನ ಫ್ರೀಜರಿನಲ್ಲಿ ಕಿರುಬೆರಳಿಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಟ್ಯೂಬು. ಲೇಬಲ್ಲಿನ ಮೇಲೆ ‘ಪಿಕೆಎ, ಇಲಿ, ರಿಕಾಂಬಿನೆಂಟ್’ ಎಂದಿದೆ. ಒಳಗೆ ಇಲಿಯ ಕೂದಲೆಳೆಯೂ ಇಲ್ಲ. ಅದರಲ್ಲಿರುವ ಕಿಣ್ವ ಜನ್ಮದಲ್ಲಿ ಇಲಿಯನ್ನು ಕಂಡದ್ದಲ್ಲ. ಇಲಿಯ ಜೀನ್ ಒಂದನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಬೆಳೆಸಿ, ಆಮೇಲೆ ಆ ಬ್ಯಾಕ್ಟೀರಿಯಾವನ್ನೇ ಒಡೆದು ತೆಗೆದದ್ದು. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಾದರೂ ಊರು ಕೇಳಿದರೆ ‘ನಮ್ಮದು ತೀರ್ಥಹಳ್ಳಿ’ ಎನ್ನುವವರಿದ್ದಾರಲ್ಲ, ಈ ಇಲಿಯೂ ಅಷ್ಟೇ.

ರಾತ್ರಿ ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ನಮಗೆ ಎಲ್ಲಿಲ್ಲದ ಓಟ ಬರುತ್ತದಲ್ಲ, ಅದರಲ್ಲಿ ಪಿಕೆಎ ಎಂಬ ಈ ಕಿಣ್ವದ ಪಾಲಿದೆ. ಅಡ್ರಿನಲಿನ್ ರಕ್ತಕ್ಕಿಳಿಯುತ್ತದೆ, ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ, ಅಲ್ಲಿಯವರೆಗೆ ಕಟ್ಟಿಹಾಕಿದ್ದ ಪಿಕೆಎ ಬಿಡುಗಡೆಯಾಗುತ್ತದೆ. ಆದದ್ದೇ ತಡ, ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಕಿಣ್ವಕ್ಕೆ ಅಂಟಿಸುತ್ತದೆ. ಅದು ಮತ್ತೊಂದಕ್ಕೆ ಅಂಟಿಸುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆಯತೊಡಗುತ್ತದೆ. ನಾಯಿಗೂ ಇದೇ ಏರ್ಪಾಡು ಇದೆ ಎಂಬುದು ಬೇರೆ ಮಾತು.

ಈ ಅಂಟಿಸುವ ವ್ಯವಹಾರ ಬಯಲಿಗೆ ಬಂದದ್ದು 1950ರ ದಶಕದಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಮೊಲದ ಸ್ನಾಯು ಅರೆದು ಫಾಸ್ಫಾರಿಲೇಸ್ ಎಂಬ ಕಿಣ್ವ ತೆಗೆಯುತ್ತಿದ್ದರು. ವಿಜ್ಞಾನಿಗಳಾದ ಕೋರಿ ದಂಪತಿಗಳ ಹಳೆಯ ವಿಧಾನದಲ್ಲಿ ರಸವನ್ನು ಫಿಲ್ಟರ್ ಕಾಗದದಲ್ಲಿ ಸೋಸಬೇಕಿತ್ತು. ಸಿಗುತ್ತಿದ್ದ ಕಿಣ್ವ ಚುರುಕಾಗಿರುತ್ತಿತ್ತು. ಇವರು ಕಾಗದ ಬಿಟ್ಟು ಸೆಂಟ್ರಿಫ್ಯೂಜಿಗೆ ಹಾಕಿದರು, ಕಿಣ್ವ ಮಂಕಾಗಿಬಿಟ್ಟಿತು. ಕಾಗದಕ್ಕೆ ಮರಳಿದರೆ ಮತ್ತೆ ಚುರುಕು! ಕೊನೆಗೆ ನೋಡಿದರೆ, ಕಾಗದದಿಂದ ರಸಕ್ಕಿಳಿಯುತ್ತಿದ್ದ ಕ್ಯಾಲ್ಸಿಯಂ ಅಲ್ಲೇ ಅಡಗಿದ್ದ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತಿತ್ತು. ಆ ಕಿಣ್ವವೇ ಫಾಸ್ಫೇಟ್ ಅಂಟಿಸುವ ಆಸಾಮಿ. ಸೋಸುವ ಕಾಗದದ ಮೇಲೆ ಯಾರಿಗೆ ತಾನೇ ಗುಮಾನಿ ಬಂದೀತು? ಇವರಿಗೆ ಬಂತು, ತಡವಾಗಿಯಾದರೂ 1992ರಲ್ಲಿ ನೊಬೆಲ್ಲೂ ಬಂತು. ಪಿಕೆಎ ಸಿಕ್ಕಿದ್ದು 1968ರಲ್ಲಿ, ಕ್ರೆಬ್ಸ್ ಅವರ ತಂಡಕ್ಕೇ, ಮತ್ತೆ ಮೊಲದ ಸ್ನಾಯುವಿನಲ್ಲೇ.

ಆಮೇಲೆ ದನದ ಹೃದಯದಿಂದಲೂ ಅದನ್ನು ತೆಗೆದರು. ಸ್ಯಾನ್ ಡಿಯಾಗೋದ ಸೂಸನ್ ಟೇಲರ್ ಅವರ ಲ್ಯಾಬು 1989ರಲ್ಲಿ ಆ ರಗಳೆ ತಪ್ಪಿಸಿತು: ಇಲಿಯ ಪಿಕೆಎಯನ್ನು ಬ್ಯಾಕ್ಟೀರಿಯಾದ ಕೈಯಲ್ಲೇ ಮಾಡಿಸಿತು. 1991ರಲ್ಲಿ ಅದನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ ರೂಪವನ್ನೂ ತೋರಿಸಿತು. ಮನುಷ್ಯನ ಮೈಯಲ್ಲಿ ಫಾಸ್ಫೇಟ್ ಅಂಟಿಸುವ ಇಂಥ ಕಿಣ್ವಗಳು, ಅಂದರೆ ಕೈನೇಸ್‌ಗಳು 500ಕ್ಕೂ ಹೆಚ್ಚಿವೆ. ಆ ಇಡೀ ಕುಲದಲ್ಲಿ ಮೊದಲು ಮುಖ ತೋರಿಸಿದ್ದು ಇದೇ. ನನಗೆ ಅದಕ್ಕಿಂತ ಇಷ್ಟವಾಗುವ ಸಂಗತಿ ಇನ್ನೊಂದು. ಬ್ಯಾಕ್ಟೀರಿಯಾದೊಳಗೆ ಅಡ್ರಿನಲಿನ್ನೂ ಇಲ್ಲ, ಅಟ್ಟಿಸಿಕೊಂಡು ಬರುವ ನಾಯಿಯೂ ಇಲ್ಲ. ಆದರೂ ಈ ಮಹಾಶಯ ಸುಮ್ಮನೆ ಕೂರುವುದಿಲ್ಲ. ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಕೆಲಸಕ್ಕೆ ಸಿದ್ಧನಾಗುತ್ತಾನೆ.

ಟ್ಯೂಬಿನಲ್ಲಿ ಅರ್ಧಕ್ಕರ್ಧ ಗ್ಲಿಸರಾಲ್ ಇರುವುದರಿಂದ ಮೈನಸ್ 20 ಡಿಗ್ರಿಯಲ್ಲೂ ಅದು ಗಟ್ಟಿಯಾಗುವುದಿಲ್ಲ, ಆದರೆ ಪಿಪೆಟ್ಟಿಗೆ ಏರುವುದು ಬಲು ನಿಧಾನ. ಹೊಸ ಹುಡುಗರಿಗೆ ಅಷ್ಟು ತಾಳ್ಮೆ ಎಲ್ಲಿ? ಸರ್ರನೆ ಎಳೆಯುತ್ತಾರೆ, ಅರ್ಧ ಗಾಳಿ ಬರುತ್ತದೆ. ಇಲ್ಲವೇ ಟಿಪ್ಪನ್ನು ತಳದವರೆಗೆ ಅದ್ದುತ್ತಾರೆ, ಹೊರಮೈಗೆ ಮೆತ್ತಿಕೊಂಡದ್ದೂ ಜೊತೆಗೆ ಬಂದು ಲೆಕ್ಕ ಕೆಡುತ್ತದೆ. ಸಂಜೆಗೆ ‘ಕಿಣ್ವ ಸತ್ತಿದೆ ಸಾರ್, ಹೊಸದು ತರಿಸಿ’ ಎಂದು ದೂರು. ಟಿಪ್ಪನ್ನು ಮೇಲ್ಮೈಗೆ ತುಸುವೇ ತಾಗಿಸಿ ಮೆಲ್ಲಗೆ ಎಳೆಯಪ್ಪಾ, ಆಮೇಲೆ ತರಿಸೋಣ ಎನ್ನುತ್ತೇನೆ.